ಮೇಲಧಿಕಾರಿಯ ಕಿರುಕುಳ: ಸರ್ಕಾರಿ ಕಚೇರಿ, ನಿಗಮ-ಮಂಡಳಿಗಳ ನೌಕರರು ಯಾವ ಹಂತದಲ್ಲಿ ಏನು ಮಾಡಬೇಕು?

ಓದುಗರಿಂದ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಸಾಹೇಬರು ಎಲ್ಲರೆದುರು ಬೈಯುತ್ತಾರೆ, ನಿಯಮಕ್ಕೆ ಒಪ್ಪದ ಕಡತ ಮಂಡಿಸು ಎನ್ನುತ್ತಾರೆ, ಒಪ್ಪದಿದ್ದರೆ ರಜೆ ತಡೆಹಿಡಿಯುತ್ತಾರೆ, ನೋಟಿಸ್ ಮೇಲೆ ನೋಟಿಸ್ ಕೊಡುತ್ತಾರೆ, ಏನು ಮಾಡಲಿ? ಬರೆಯುವವರಲ್ಲಿ ದ್ವಿತೀಯ ದರ್ಜೆ ಸಹಾಯಕರಿದ್ದಾರೆ, ನಿಗಮಗಳ ಲೆಕ್ಕ ಅಧೀಕ್ಷಕರಿದ್ದಾರೆ, ಸಹಾಯಕ ಎಂಜಿನಿಯರುಗಳಿದ್ದಾರೆ. ಪ್ರತಿಯೊಬ್ಬರಿಗೂ ಬಿಡಿಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಬರೆಯುತ್ತಿದ್ದೇನೆ.

ನಮ್ಮ ಕಚೇರಿಗಳಲ್ಲಿ ಕಿರುಕುಳವೆಲ್ಲ ಬಾಯಿಮಾತಿನಲ್ಲಿ ನಡೆಯುತ್ತದೆ; ಪರಿಹಾರ ಮಾತ್ರ ಕಾಗದದ ಮೇಲೆಯೇ ಸಿಗುತ್ತದೆ. ನ್ಯಾಯ ತಮ್ಮ ಕಡೆಗಿದ್ದರೂ ನೌಕರರು ಸೋಲುವುದು ಹೆಚ್ಚಾಗಿ ಈ ಕಾರಣಕ್ಕೆ. ಬೈಗುಳಕ್ಕೆ ದಾಖಲೆ ಇರುವುದಿಲ್ಲ, ಬೇಸತ್ತು ನಾಲ್ಕು ದಿನ ಕಚೇರಿಗೆ ಹೋಗದೆ ಉಳಿದದ್ದಕ್ಕೆ ಮಾತ್ರ ದಾಖಲೆ ಇರುತ್ತದೆ. ಹಾಗಾಗಿ ಮುಂದೆ ಹೇಳುವುದರಲ್ಲಿ ಬಹುಪಾಲು ಬಾಯಿಮಾತನ್ನು ಕಾಗದಕ್ಕೆ ಇಳಿಸುವ ಬಗೆಗೇ ಇದೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ನಿದ್ದೆ ಬಾರದಿದ್ದರೆ, ಬೆಳಿಗ್ಗೆ ಕಚೇರಿಯ ಗೇಟು ಕಂಡೊಡನೆ ಎದೆ ಹೊಡೆದುಕೊಳ್ಳುತ್ತಿದ್ದರೆ, ಬದುಕೇ ಬೇಡ ಎನ್ನಿಸುತ್ತಿದ್ದರೆ ಮನವಿ, ನಿಯಮಗಳೆಲ್ಲ ಆಮೇಲಿರಲಿ. 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕರೆಗೆ ಹಣವಿಲ್ಲ, ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೂ ಕಾಣಿ. ಆ ಚಿಕಿತ್ಸೆಯ ಚೀಟಿಯನ್ನು ಜೋಪಾನವಾಗಿಡಿ. ಮುಂದೆ ಅದೂ ಒಂದು ದಾಖಲೆಯಾಗುತ್ತದೆ. ಮನೆಯವರಿಗೆ ವಿಷಯ ತಿಳಿಸಿ. ಯಾವ ಹುದ್ದೆಯೂ ನಿಮ್ಮ ಜೀವಕ್ಕಿಂತ ದೊಡ್ಡದಲ್ಲ.

1. ಕಿರುಕುಳ ಯಾವುದು, ಆಡಳಿತ ಯಾವುದು ಎಂದು ಬೇರ್ಪಡಿಸಿ

ಬರೇ ಬೈಗುಳ, ದರ್ಪ, ಅವಮಾನಗಳ ವಿರುದ್ಧ ಭಾರತದಲ್ಲಿ ಪ್ರತ್ಯೇಕ ಕಾನೂನಿಲ್ಲ. ಕೆಲಸದ ಸ್ಥಳದ ಹಿಂಸೆ, ಕಿರುಕುಳ ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ 190ನೇ ಒಡಂಬಡಿಕೆಯನ್ನು ನಮ್ಮ ದೇಶ ಇನ್ನೂ ಅನುಮೋದಿಸಿಲ್ಲ. ಹೀಗಾಗಿ "ಕಿರುಕುಳ ಕೊಡುತ್ತಿದ್ದಾರೆ" ಎಂಬ ಒಂದೇ ಮಾತಿನ ಅರ್ಜಿ ಎಲ್ಲಿಯೂ ನಿಲ್ಲುವುದಿಲ್ಲ. ಆ ಅಧಿಕಾರಿ ಮಾಡಿದ ಯಾವ ಕೃತ್ಯ ಯಾವ ನಿಯಮವನ್ನು ಮುರಿಯಿತು ಎಂದು ತೋರಿಸಬೇಕು.

ಬಾಕಿ ಕಡತಗಳ ಪಟ್ಟಿ ಕೇಳುವುದು, ತಡವಾಗಿ ಬಂದದ್ದಕ್ಕೆ ವಿವರಣೆ ಕೇಳುವುದು, ಶಾಖೆ ಬದಲಿಸುವುದು ಅಧಿಕಾರಿಯ ಕೆಲಸವೇ. ಅದರಿಂದ ಮನಸ್ಸಿಗೆ ನೋವಾಗಬಹುದು, ಆದರೆ ಅದರ ಮೇಲೆ ದೂರು ನಿಲ್ಲುವುದಿಲ್ಲ. ಇನ್ನು ಕಾರಣ ನಮೂದಿಸದೆ ರಜೆ ನಿರಾಕರಿಸುವುದು, ಹಾಜರಾತಿ ವಹಿಗೆ ಸಹಿ ಹಾಕಲು ಬಿಡದಿರುವುದು, ಕಾರ್ಯ ಹಂಚಿಕೆ ಆದೇಶವೇ ಇಲ್ಲದೆ ಮೂರು ಮೇಜುಗಳ ಕೆಲಸ ಹೊರಿಸುವುದು, ವೇತನ ಬಡ್ತಿ ತಡೆಯುವುದು, ಜಾತಿ ಅಥವಾ ಲಿಂಗವನ್ನು ಹಿಡಿದು ಆಡಿಕೊಳ್ಳುವುದು, ಅಕ್ರಮ ಬಿಲ್ಲಿಗೆ ಸಹಿ ಕೇಳುವುದು, ಇವೆಲ್ಲ ನಿಯಮದ ಉಲ್ಲಂಘನೆಗಳು. ನಿಮ್ಮ ದೂರನ್ನು ಈ ಎರಡನೆಯ ಬಗೆಯವುಗಳ ಮೇಲೆ ಕಟ್ಟಿ. ಮೊದಲನೆಯ ಬಗೆಯವನ್ನೂ ಸೇರಿಸಿದರೆ ಓದುವವರ ಕಣ್ಣಿಗೆ ಅವೇ ಮೊದಲು ಬೀಳುತ್ತವೆ, ಗಟ್ಟಿ ಆರೋಪ ಅಡಿಗೆ ಬೀಳುತ್ತದೆ.

2. ನಿಮಗೆ ಯಾವ ನಿಯಮ ಅನ್ವಯಿಸುತ್ತದೆ ಎಂದು ಪತ್ತೆ ಮಾಡಿ

ರಾಜ್ಯ ಸರ್ಕಾರದ ಇಲಾಖೆಗಳ ನೌಕರರಿಗೆ ಎರಡು ನಿಯಮಗಳು ಮುಖ್ಯ. ಒಂದು, ಕರ್ನಾಟಕ ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು, 2021. ಇನ್ನೊಂದು, ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿಗೆ ಸಂಬಂಧಿಸಿದ 1957ರ ನಿಯಮಗಳು. ಕಚೇರಿಯಲ್ಲಿ ಇದನ್ನು ಸಿಸಿಎ ನಿಯಮ ಎನ್ನುತ್ತಾರೆ. ಅಮಾನತು, ಇಲಾಖಾ ವಿಚಾರಣೆ, ದಂಡನೆ, ಮೇಲ್ಮನವಿ ಎಲ್ಲವೂ ಎರಡನೆಯದರಲ್ಲಿವೆ.

ನಿಗಮ, ಮಂಡಳಿ, ಸಾರಿಗೆ ಸಂಸ್ಥೆ, ವಿದ್ಯುತ್ ಕಂಪನಿಗಳಿಗೆ ಅವುಗಳದೇ ನಿಯಮಾವಳಿ ಇರುತ್ತದೆ. ಉದಾಹರಣೆಗೆ, ಕೆಎಸ್‌ಆರ್‌ಟಿಸಿಯಲ್ಲಿ 1971ರ ನಡತೆ ಮತ್ತು ಶಿಸ್ತು ನಿಯಮಾವಳಿ ಇದೆ. ಬಿಇಎಲ್, ಎಚ್‌ಎಎಲ್‌ನಂಥ ಕೇಂದ್ರ ಉದ್ಯಮಗಳಿಗೂ ಸ್ವಂತ ನಿಯಮಗಳಿವೆ. ಆಡಳಿತ ಶಾಖೆಯಿಂದ ಅದರ ಪ್ರತಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಕೇಳಿ.

ಅದರಲ್ಲಿ ಮೂರು ಹೆಸರುಗಳನ್ನು ಗುರುತು ಹಾಕಿಕೊಳ್ಳಿ. ಶಿಸ್ತು ಪ್ರಾಧಿಕಾರ, ಅಂದರೆ ನಿಮಗೆ ದಂಡನೆ ವಿಧಿಸುವ ಅಧಿಕಾರವುಳ್ಳವರು ಯಾರು? ಅವರ ಆದೇಶದ ಮೇಲೆ ಮೇಲ್ಮನವಿ ಕೇಳುವವರು ಯಾರು? ನಿಮ್ಮ ಕಾರ್ಯನಿರ್ವಹಣಾ ವರದಿ ಬರೆಯುವವರು, ಅದನ್ನು ಪರಿಶೀಲಿಸುವವರು ಯಾರು? ನಿಮಗೆ ಕಿರುಕುಳ ಕೊಡುವ ಅಧಿಕಾರಿ ಈ ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾರೆ ಎಂದು ನೋಡಿ. ದಿನಬೆಳಗಾದರೆ "ಮನೆಗೆ ಕಳಿಸುತ್ತೇನೆ" ಎಂದು ಗದರುವವರಿಗೆ ಎಷ್ಟೋ ಸಲ ಅಮಾನತು ಮಾಡುವ ಅಧಿಕಾರವೇ ಇರುವುದಿಲ್ಲ. ಅದು ತಿಳಿದಾಗ ಅರ್ಧ ಭಯ ಇಳಿಯುತ್ತದೆ.

3. ದಿನಚರಿ ಬರೆಯಿರಿ

ಪುಟ ಕಿತ್ತರೆ ಗೊತ್ತಾಗುವಂಥ, ಹೊಲಿದ ಬೈಂಡಿನ ಪುಸ್ತಕವೊಂದನ್ನು ತೆಗೆದುಕೊಳ್ಳಿ. ಘಟನೆ ನಡೆದ ದಿನವೇ ಬರೆಯಿರಿ. ದಿನಾಂಕ, ಗಂಟೆ, ಸ್ಥಳ, ಯಾರಿದ್ದರು, ಆಡಿದ ಮಾತು ಹಾಗೆಯೇ, ಅದರಿಂದ ಯಾವ ಕೆಲಸಕ್ಕೆ ಏನಾಯಿತು, ಇಷ್ಟು ಸಾಕು. ನಿಮಗೆ ಎಷ್ಟು ಸಂಕಟವಾಯಿತು ಎಂಬುದನ್ನು ಬೇರೆ ಪುಟದಲ್ಲಿ ಬರೆದುಕೊಳ್ಳಿ.

"ನನ್ನನ್ನು ನಾಯಿಗಿಂತ ಕಡೆಯಾಗಿ ನೋಡುತ್ತಾರೆ" ಎಂಬ ಸಾಲು ಸತ್ಯವೇ ಇರಬಹುದು, ಆದರೆ ವಿಚಾರಣೆಯಲ್ಲಿ ಅದರಿಂದ ಉಪಯೋಗವಿಲ್ಲ. "ಮಾರ್ಚ್ 3, ಬೆಳಿಗ್ಗೆ 11.20. ಪ್ರಗತಿ ಪರಿಶೀಲನಾ ಸಭೆ. 14 ಸಿಬ್ಬಂದಿಯ ಮುಂದೆ ನನ್ನ ಕಡತವನ್ನು ನೆಲಕ್ಕೆ ಎಸೆದು 'ನಿನ್ನಂಥವಳಿಗೆ ಕೆಲಸ ಕೊಟ್ಟವರು ಯಾರು' ಎಂದರು. ಕಡತ ಎತ್ತಿಕೊಟ್ಟವರು ಶಾಖೆಯ ದಲಾಯತರು" ಎಂದು ಬರೆದರೆ ಅದನ್ನು ತಳ್ಳಿಹಾಕುವುದು ಕಷ್ಟ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಕಚೇರಿಯ ಕಡತಗಳ ಫೋಟೊ ತೆಗೆದು ಮನೆಗೆ ಒಯ್ಯಬೇಡಿ, ಯಾರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬೇಡಿ. ಅಧಿಕೃತ ಮಾಹಿತಿ ಹೊರಗೆ ಕೊಟ್ಟಿರಿ ಎಂಬ ಆರೋಪ ನಡತೆ ನಿಯಮದಡಿ ನಿಮ್ಮ ಮೇಲೆಯೇ ಬರುತ್ತದೆ. ಕಡತದ ಸಂಖ್ಯೆ, ಟಿಪ್ಪಣಿಯ ಪುಟ ಸಂಖ್ಯೆ, ಇ-ಆಫೀಸ್ (ಕಂಪ್ಯೂಟರಿನಲ್ಲೇ ಕಡತ ನಡೆಸುವ ವ್ಯವಸ್ಥೆ) ಸಂಖ್ಯೆಗಳನ್ನು ಮಾತ್ರ ಬರೆದುಕೊಳ್ಳಿ. ಬೇಕಾದಾಗ ದೃಢೀಕೃತ ಪ್ರತಿ ಪಡೆಯಲು ಅಷ್ಟೇ ಸಾಕು. ನಿಮಗೇ ಬಂದ ಸಂದೇಶ, ಕರೆಗಳ ವಿಷಯ ಬೇರೆ. ಅವುಗಳನ್ನು ಅಳಿಸಬೇಡಿ, ಬರೀ ಸ್ಕ್ರೀನ್‌ಶಾಟ್ ನಂಬಬೇಡಿ, ಹಳೆಯ ಫೋನನ್ನು ಮಾರಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ಜತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಮೂಲ ಸಾಧನ ಕೈಯಲ್ಲಿದ್ದರೆ ಅದು ಸುಲಭ.

4. ಮೌಖಿಕ ಆದೇಶವನ್ನು ಲಿಖಿತಕ್ಕೆ ತನ್ನಿ

ಈ ಹಂತದ ಬಗ್ಗೆ ಹೆಚ್ಚು ಬರೆಯುತ್ತೇನೆ. ಬದುಕುಗಳು ಹಾಳಾಗುವುದು ಇಲ್ಲಿಯೇ.

ನಿಗಮಗಳ ಸ್ಥಿತಿ ನಿಮಗೆ ಗೊತ್ತಿದೆ. ವ್ಯವಸ್ಥಾಪಕ ನಿರ್ದೇಶಕರು ಕುಳಿತ ಕುರ್ಚಿ ಬಿಸಿಯಾಗುವ ಮೊದಲೇ ವರ್ಗವಾಗುತ್ತಾರೆ. ಅರ್ಧ ಹುದ್ದೆಗಳು ಪ್ರಭಾರದಲ್ಲಿರುತ್ತವೆ, ಅಂದರೆ ಒಬ್ಬರೇ ಇನ್ನೊಂದು ಹುದ್ದೆಯ ಹೊಣೆಯನ್ನೂ ತಾತ್ಕಾಲಿಕವಾಗಿ ಹೊತ್ತಿರುತ್ತಾರೆ. ಅಧ್ಯಕ್ಷರು ರಾಜಕೀಯ ನೇಮಕದಿಂದ ಬಂದವರು. ಮೇಲಿನವರಿಗೆ ಆತುರವಿರುತ್ತದೆ, ಸಹಿ ಹಾಕಲು ಮನಸ್ಸಿರುವುದಿಲ್ಲ. "ಮೇಲಿನಿಂದ ಹೇಳಿದ್ದಾರೆ, ಮಾಡಿಬಿಡಿ" ಎಂಬ ಮಾತು ಆಗ ಹುಟ್ಟುತ್ತದೆ. ಹೇಳಿದವರು ಹೋಗುತ್ತಾರೆ, ಕಡತದಲ್ಲಿ ನಿಮ್ಮ ಸಹಿ ಉಳಿಯುತ್ತದೆ. ವರ್ಷಗಳ ಮೇಲೆ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬಂದಾಗ ಉತ್ತರಿಸಬೇಕಾದವರು ನೀವು.

2024ರ ಮೇ ತಿಂಗಳಲ್ಲಿ ಕರ್ನಾಟಕ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಲೆಕ್ಕ ಅಧೀಕ್ಷಕರೊಬ್ಬರು ಶಿವಮೊಗ್ಗದಲ್ಲಿ ಪ್ರಾಣ ಕಳೆದುಕೊಂಡರು. ಅವರು ಬರೆದಿಟ್ಟಿದ್ದ ಪತ್ರದಿಂದ ನಿಗಮದ ಕೋಟ್ಯಂತರ ರೂಪಾಯಿ ಅಕ್ರಮವಾಗಿ ವರ್ಗಾವಣೆಯಾದ ಸಂಗತಿ ಹೊರಬಿತ್ತು. ಜೂನ್‌ನಲ್ಲಿ ಇಲಾಖೆಯ ಸಚಿವರು ರಾಜೀನಾಮೆ ಕೊಟ್ಟರು. ಇಂಥ ಒತ್ತಡ ಒಬ್ಬ ನೌಕರನ ಹೆಗಲ ಮೇಲೆ ಹೇಗೆ ಕೂರುತ್ತದೆ ಎಂದು ಆಗ ರಾಜ್ಯವೆಲ್ಲ ನೋಡಿತು. ಆ ಸ್ಥಿತಿಗೆ ಇನ್ನೊಬ್ಬರು ಬರಬಾರದು.

ನಿಯಮ ನಿಮ್ಮ ಕಡೆಗಿದೆ. ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರ್ 31ರಂದು, ಸರ್ಕಾರಿ ಅಧಿಕಾರಿಗಳು ಮೌಖಿಕ ಆದೇಶಗಳ ಮೇಲೆ ನಡೆಯುವಂತಿಲ್ಲ, ಸೂಚನೆಗಳು ದಾಖಲಾಗಬೇಕು ಎಂದು ಹೇಳಿದೆ. ಕೇಂದ್ರದ 1964ರ ನಡತೆ ನಿಯಮಗಳ 3ನೇ ನಿಯಮವೂ ಅದನ್ನೇ ಹೇಳುತ್ತದೆ: ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಲಿಖಿತವಾಗಿರಬೇಕು; ಮೌಖಿಕವಾಗಿ ಹೇಳಲೇಬೇಕಾಗಿ ಬಂದರೆ ಕೂಡಲೇ ಲಿಖಿತವಾಗಿ ದೃಢಪಡಿಸಬೇಕು; ಕೇಳಿ ಪಡೆಯುವುದು ಕೆಳಗಿನವರ ಕರ್ತವ್ಯ. ರಾಜ್ಯದ ನಡತೆ ನಿಯಮಗಳ ತಿರುಳೂ ಇದೇ.

ಹಾಗೆಂದು ಸಾಹೇಬರ ಎದುರು ನಿಂತು "ಬರೆದುಕೊಡಿ" ಎಂದು ಸವಾಲು ಹಾಕಬೇಡಿ. ಅದರಿಂದ ಜಗಳ ಹತ್ತುತ್ತದೆ, ಲಿಖಿತ ಆದೇಶ ಮಾತ್ರ ಬರುವುದಿಲ್ಲ. ಟಿಪ್ಪಣಿ ಹಾಳೆಯಲ್ಲೇ, ಅಂದರೆ ಕಡತದಲ್ಲಿ ಅಭಿಪ್ರಾಯ ಬರೆಯುವ ಹಾಳೆಯಲ್ಲೇ, ಹೀಗೆ ಮಂಡಿಸಿ:

"ದಿನಾಂಕ … ರಂದು ಬೆಳಿಗ್ಗೆ … ಗಂಟೆಗೆ ತಮ್ಮ ಕೊಠಡಿಯಲ್ಲಿ ಮೌಖಿಕವಾಗಿ ಸೂಚಿಸಿದಂತೆ ಸದರಿ ಕಡತವನ್ನು ಮಂಡಿಸಲಾಗಿದೆ. ಈ ಮೊತ್ತಕ್ಕೆ ಹಣಕಾಸು ಶಾಖೆಯ ಸಹಮತಿ ಪಡೆದಿರುವುದಿಲ್ಲ. ಟೆಂಡರ್ ದಾಖಲೆಗಳು ಕಡತದಲ್ಲಿ ಲಭ್ಯವಿರುವುದಿಲ್ಲ. ಮುಂದಿನ ಕ್ರಮದ ಬಗ್ಗೆ ಲಿಖಿತ ಆದೇಶ ಕೋರಿ ಸಲ್ಲಿಸಿದೆ."

ಇದರಲ್ಲಿ ಆರೋಪವಿಲ್ಲ, ಅವಿಧೇಯತೆಯಿಲ್ಲ. ಕಡತ ಮಂಡಿಸುವ ನಿಮ್ಮ ಕೆಲಸವನ್ನು ನೀವು ಮಾಡಿದ್ದೀರಿ. ಲೋಪ ದಾಖಲಾಗಿದೆ, ಮುಂದಿನ ಸಹಿ ಅವರದಾಗಿದೆ. ಕಡತದಲ್ಲಿ ಬರೆಯಲು ಸಾಧ್ಯವಿಲ್ಲದ ವಿಷಯವಾದರೆ ಅದೇ ದಿನ ಕಚೇರಿಯ ಇಮೇಲ್‌ನಿಂದ ಎರಡು ಸಾಲು ಕಳಿಸಿ: "ಇಂದು ತಾವು ದೂರವಾಣಿಯಲ್ಲಿ ನೀಡಿದ ಸೂಚನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ತಪ್ಪಿದ್ದಲ್ಲಿ ತಿದ್ದಿ ತಿಳಿಸಲು ಕೋರಿದೆ."

ಬರೆದ ಟಿಪ್ಪಣಿಯನ್ನು ಹರಿದುಹಾಕಿ ಬೇರೆ ಬರೆ ಎನ್ನುವವರಿದ್ದಾರೆ. ಬರೆಯಬೇಡಿ. ಇ-ಆಫೀಸ್‌ನಲ್ಲಿ ಸಲ್ಲಿಸಿದ ಟಿಪ್ಪಣಿ ಅಳಿಯುವುದಿಲ್ಲ, ಆದ್ದರಿಂದ ಸೂಕ್ಷ್ಮ ವಿಷಯಗಳನ್ನು ಕಾಗದದ ಕಡತಕ್ಕಿಂತ ಅಲ್ಲಿಯೇ ಮಂಡಿಸುವುದು ಕ್ಷೇಮ. ನಿಮ್ಮ ಲಾಗಿನ್, ಪಾಸ್‌ವರ್ಡ್, ಡಿಜಿಟಲ್ ಸಹಿಯ ಡಾಂಗಲ್‌ಗಳನ್ನು ಯಾರಿಗೂ ಕೊಡಬೇಡಿ. ಸಾಹೇಬರ ಆಪ್ತ ಸಹಾಯಕರು ಕೇಳಿದರೂ ಕೊಡಬೇಡಿ.

5. ರಜೆ ಹಾಕಿ ತಪ್ಪಿಸಿಕೊಳ್ಳುವ ಮುನ್ನ

ಕಿರುಕುಳ ತಾಳಲಾರದೆ ಹೇಳದೆ ಕೇಳದೆ ಮನೆಯಲ್ಲಿ ಉಳಿಯುವುದು ಅತಿ ಸಾಮಾನ್ಯವಾದ, ಅತಿ ದುಬಾರಿಯಾದ ತಪ್ಪು. ಅನಧಿಕೃತ ಗೈರುಹಾಜರಿ ಎಂಬ ಆರೋಪಕ್ಕೆ ಸಾಕ್ಷಿಯೇ ಬೇಡ, ಹಾಜರಾತಿ ವಹಿ ಸಾಕು. ವೈದ್ಯಕೀಯ ಕಾರಣವಿದ್ದರೆ ವೈದ್ಯರ ಪ್ರಮಾಣಪತ್ರದೊಡನೆ ಅರ್ಜಿಯನ್ನು ಮೊದಲೇ ಕೊಟ್ಟು ಸ್ವೀಕೃತಿ ಪಡೆಯಿರಿ. ರಜೆಯನ್ನು ಹಕ್ಕೆಂದು ಕೇಳಲಾಗದು ಎಂಬುದು ನಿಯಮ. ಆದರೆ ಅರ್ಜಿ ಕೊಟ್ಟಿದ್ದೀರಿ ಎಂಬುದೇ ಮುಂದೆ ನಿಮ್ಮನ್ನು ಕಾಯುತ್ತದೆ. ಮರಳಿ ಹಾಜರಾಗುವಾಗ ದೇಹಸ್ಥಿತಿ ಪ್ರಮಾಣಪತ್ರ ಕೊಡಿ. ಹಾಜರಾಗಲು ಬಿಡದಿದ್ದರೆ ಅದೇ ದಿನ "ಕರ್ತವ್ಯಕ್ಕೆ ಹಾಜರಾಗಲು ಬಂದಿದ್ದೆ" ಎಂದು ಇಮೇಲ್ ಮಾಡಿ.

ಸಿಟ್ಟಿನಲ್ಲಿ ರಾಜೀನಾಮೆ ಬರೆಯಬೇಡಿ. ಅದನ್ನು ಮಾತ್ರ ಆ ಅಧಿಕಾರಿ ಅದೇ ದಿನ ಅಂಗೀಕಾರಕ್ಕೆ ಕಳಿಸುತ್ತಾರೆ.

6. ಮನವಿ ಸಲ್ಲಿಸಿ

ಆರೇಳು ಘಟನೆಗಳು ದಿನಚರಿಯಲ್ಲಿ ದಾಖಲಾದ ಮೇಲೆ ಮನವಿ ಬರೆಯಿರಿ. ಯಾರ ಮೇಲೆ ದೂರೋ ಅವರಿಗಿಂತ ಮೇಲಿನ ಸಕ್ಷಮ ಪ್ರಾಧಿಕಾರಕ್ಕೆ, ಅಂದರೆ ಆ ವಿಷಯದಲ್ಲಿ ತೀರ್ಮಾನ ಕೈಗೊಳ್ಳುವ ಅಧಿಕಾರವುಳ್ಳವರಿಗೆ, ವಿಳಾಸ ಹಾಕಿ. "ಸೂಕ್ತ ಮಾರ್ಗದ ಮೂಲಕ" ಎಂದು ನಮೂದಿಸಿ ನಿಮ್ಮ ಕಚೇರಿಯಲ್ಲಿ ಕೊಡಿ. ಕಿರುಕುಳ ಕೊಡುವವರ ಕೈದಾಟಿಯೇ ಅದು ಹೋಗಬೇಕಾಗಿರುವುದರಿಂದ ಮೇಲಿನವರಿಗೆ "ಮುಂಗಡ ಪ್ರತಿ" ಎಂದು ಬರೆದು ಒಂದನ್ನು ನೇರವಾಗಿ ಕಳಿಸಿ.

ಆವಕ ಶಾಖೆಯಲ್ಲಿ, ಅಂದರೆ ಬರುವ ಪತ್ರಗಳನ್ನು ಸ್ವೀಕರಿಸುವ ಶಾಖೆಯಲ್ಲಿ, ಮುದ್ರೆ, ದಿನಾಂಕ, ಸಂಖ್ಯೆ ಹಾಕಿದ ಪ್ರತಿ ನಿಮ್ಮ ಕೈಗೆ ಬರಬೇಕು. ಸ್ವೀಕರಿಸಲು ಹಿಂಜರಿದರೆ ವಾದ ಮಾಡದೆ ಅಂಚೆಯಲ್ಲಿ ಕಳಿಸಿ. ನೋಂದಾಯಿತ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಂದಿಗೆ ವಿಲೀನವಾಗಿದೆ. ಸ್ಪೀಡ್ ಪೋಸ್ಟ್ ಮಾಡುವಾಗ ನೋಂದಣಿ ಸೌಲಭ್ಯ ಬೇಕೆಂದು ಕೇಳಿ. ರಸೀದಿಯ ಶಾಯಿ ಕೆಲವೇ ತಿಂಗಳಲ್ಲಿ ಮಾಸುತ್ತದೆ, ಅಂದೇ ಜೆರಾಕ್ಸ್ ಮಾಡಿಸಿ. ತಲುಪಿದ ವಿವರವನ್ನು ಅಂಚೆಯ ಜಾಲತಾಣದಿಂದ ಮುದ್ರಿಸಿಕೊಳ್ಳಿ.

ಮನವಿ ಎರಡು ಪುಟ ಮೀರದಿರಲಿ. ಘಟನೆಗಳು ದಿನಾಂಕವಾರು ಇರಲಿ. ಕೊನೆಯಲ್ಲಿ ನಿಮಗೆ ಏನು ಬೇಕು ಎಂದು ಖಚಿತವಾಗಿ ಕೇಳಿ: ಕಾರ್ಯ ಹಂಚಿಕೆ ಆದೇಶ ಹೊರಡಿಸಬೇಕು, ತಡೆದ ವೇತನ ಬಡ್ತಿ ಬಿಡುಗಡೆ ಮಾಡಬೇಕು, ಬೇರೆ ಶಾಖೆಗೆ ನಿಯೋಜಿಸಬೇಕು, ವಿಚಾರಣೆ ನಡೆಸಬೇಕು. "ನ್ಯಾಯ ಒದಗಿಸಬೇಕಾಗಿ ಪ್ರಾರ್ಥನೆ" ಎಂದಷ್ಟೇ ಮುಗಿಸಿದರೆ ಓದುವವರಿಗೆ ಏನು ಆದೇಶ ಮಾಡಬೇಕೆಂದೇ ತಿಳಿಯುವುದಿಲ್ಲ.

ಮಾಡಬಾರದ ಕೆಲವನ್ನು ಇಲ್ಲಿಯೇ ಹೇಳುತ್ತೇನೆ. ಶಾಸಕರ, ಮಂತ್ರಿಗಳ ಶಿಫಾರಸು ಪತ್ರ ಲಗತ್ತಿಸಬೇಡಿ. ಹೊರಗಿನ ಪ್ರಭಾವ ತರುವುದೇ ನಡತೆ ನಿಯಮದ ಉಲ್ಲಂಘನೆ. ಪತ್ರಿಕೆಗೆ, ಫೇಸ್‌ಬುಕ್‌ಗೆ ಹೋಗಬೇಡಿ. ಕಚೇರಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಧಿಕಾರಿಯ ಬಗ್ಗೆ ಒಂದು ಅಕ್ಷರವನ್ನೂ ಹಾಕಬೇಡಿ. ಹೆಸರಿಲ್ಲದ ಮೂಕರ್ಜಿ ಬೇಡ, ಅವು ಸಾಮಾನ್ಯವಾಗಿ ಕಡತಕ್ಕೆ ಸೇರಿ ಮುಗಿಯುತ್ತವೆ. ಬರೆದವರು ಯಾರು ಎಂದು ಹುಡುಕುವ ನೆಪದಲ್ಲಿ ಇಡೀ ಶಾಖೆ ನರಳುತ್ತದೆ.

ಸಂಗತಿ ಹಣದ ಅಕ್ರಮವಾಗಿದ್ದರೆ ಲೋಕಾಯುಕ್ತಕ್ಕೆ ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದೊಡನೆ (ಅಫಿಡವಿಟ್) ದೂರು ಕೊಡಬಹುದು. ಕೇಂದ್ರ ಉದ್ಯಮದವರು 2004ರ ಸಾರ್ವಜನಿಕ ಹಿತಾಸಕ್ತಿ ಮಾಹಿತಿ ನೀಡಿಕೆ ನಿರ್ಣಯದಡಿ ಕೇಂದ್ರ ಜಾಗೃತ ಆಯೋಗಕ್ಕೆ ಬರೆದರೆ ಹೆಸರನ್ನು ಗೋಪ್ಯವಾಗಿಡುತ್ತಾರೆ. ಲಕೋಟೆಯ ಮೇಲೆ ಆ ನಿರ್ಣಯದಡಿಯ ದೂರು ಎಂದು ಬರೆಯಬೇಕು, ನಿಮ್ಮ ಹೆಸರನ್ನು ಒಳಗಿನ ಪತ್ರದಲ್ಲಿ ಮಾತ್ರ ಬರೆಯಬೇಕು. ಇಷ್ಟಾದರೂ ಒಂದು ಮಾತು ನೆನಪಿರಲಿ: ಅಕ್ರಮ ಬಯಲು ಮಾಡುವವರನ್ನು ರಕ್ಷಿಸಲು ಸಂಸತ್ತು 2014ರಲ್ಲಿ ಮಾಡಿದ ಕಾಯ್ದೆಯನ್ನು ಜಾರಿಗೆ ತಂದೇ ಇಲ್ಲ. ಕಾಯ್ದೆ ಕಾಪಾಡುತ್ತದೆ ಎಂದು ಯಾರಾದರೂ ಧೈರ್ಯ ಹೇಳಿದರೆ ಅದನ್ನು ನೆಚ್ಚಿ ಮುಂದುವರಿಯಬೇಡಿ.

7. ಲೈಂಗಿಕ ಕಿರುಕುಳ, ಜಾತಿ ನಿಂದನೆಗಳಿಗೆ ದಾರಿಯೇ ಬೇರೆ

ಇವುಗಳನ್ನು ಸಾಮಾನ್ಯ ಮನವಿಯಲ್ಲಿ ಸೇರಿಸಿ ಕಾಯುತ್ತ ಕೂರಬೇಡಿ. ಲೈಂಗಿಕ ಕಿರುಕುಳದ ದೂರಿಗೆ 2013ರ ಕಾಯ್ದೆಯಡಿ ಮೂರು ತಿಂಗಳ ಗಡುವಿದೆ. ಸರಣಿ ಘಟನೆಗಳಾಗಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಹತ್ತು ಅಥವಾ ಹೆಚ್ಚು ಸಿಬ್ಬಂದಿ ಇರುವ ಪ್ರತಿ ಕಚೇರಿಯಲ್ಲೂ ಆಂತರಿಕ ಸಮಿತಿ ಇರಲೇಬೇಕು. ಹಿರಿಯ ಮಹಿಳಾ ನೌಕರರು ಅದರ ಅಧ್ಯಕ್ಷರಾಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು, ಹೊರಗಿನ ಒಬ್ಬರು ಇರಬೇಕು. ಸಮಿತಿ ರಚನೆಯಾಗದಿದ್ದರೆ ಅಥವಾ ದೂರು ಸಂಸ್ಥೆಯ ಮುಖ್ಯಸ್ಥರ ಮೇಲೆಯೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಿ. ಕೇಂದ್ರದ ಶಿ-ಬಾಕ್ಸ್ ಜಾಲತಾಣದಲ್ಲೂ ದೂರು ದಾಖಲಿಸಬಹುದು.

ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅಷ್ಟರವರೆಗೆ ಅದೇ ಅಧಿಕಾರಿಯ ಕೈಕೆಳಗೆ ದುಡಿಯಬೇಕಿಲ್ಲ. ನಿಮ್ಮನ್ನಾಗಲಿ ಅವರನ್ನಾಗಲಿ ಬೇರೆಡೆಗೆ ವರ್ಗಾಯಿಸುವಂತೆ, ಮೂರು ತಿಂಗಳವರೆಗೆ ರಜೆ ಕೊಡುವಂತೆ, ನಿಮ್ಮ ಕಾರ್ಯನಿರ್ವಹಣಾ ವರದಿಯನ್ನು ಅವರು ಬರೆಯದಂತೆ ಮಾಡಲು ಲಿಖಿತವಾಗಿ ಕೇಳಿ. ಆ ರಜೆ ನಿಮ್ಮ ಖಾತೆಯ ರಜೆಯಿಂದ ಕಳೆಯುವುದಿಲ್ಲ. "ಸಾಬೀತಾಗದಿದ್ದರೆ ನಿಮಗೇ ಶಿಕ್ಷೆ" ಎಂದು ಹೆದರಿಸುತ್ತಾರೆ. ಅದು ಸುಳ್ಳು. ಸಾಕ್ಷ್ಯ ಸಾಲಲಿಲ್ಲ ಎಂಬುದಷ್ಟೇ ಕಾರಣಕ್ಕೆ ಶಿಕ್ಷೆ ಇಲ್ಲವೆಂದು ಕಾಯ್ದೆಯ 14ನೇ ಕಲಮಿನಲ್ಲೇ ಬರೆದಿದೆ. ಹೊರಗುತ್ತಿಗೆ, ದಿನಗೂಲಿ, ತರಬೇತಿಯಲ್ಲಿರುವ ಮಹಿಳೆಯರಿಗೂ ಈ ಕಾಯ್ದೆ ಪೂರ್ತಿಯಾಗಿ ಅನ್ವಯಿಸುತ್ತದೆ.

ಪರಿಶಿಷ್ಟ ಜಾತಿ, ಪಂಗಡದ ನೌಕರರನ್ನು ಜಾತಿ ಹಿಡಿದು ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸ್ ದೂರು ಕೊಡಬಹುದು. ನಿಂದನೆ ಇತರರು ಕಾಣುವಂತೆ, ಕೇಳುವಂತೆ ನಡೆದಿರಬೇಕು ಎಂಬ ಷರತ್ತನ್ನು ನ್ಯಾಯಾಲಯಗಳು ಕಟ್ಟುನಿಟ್ಟಾಗಿ ನೋಡುತ್ತವೆ. ಆದ್ದರಿಂದ ಆಗ ಅಲ್ಲಿ ಯಾರಿದ್ದರು ಎಂಬುದನ್ನು ದೂರಿನಲ್ಲೇ ಬರೆಯಿರಿ. ಅಂಗವಿಕಲ ನೌಕರರಿಗೆ 2016ರ ಕಾಯ್ದೆಯಡಿ ಪ್ರತಿ ಸರ್ಕಾರಿ ಸಂಸ್ಥೆಯೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿರಬೇಕು.

8. ನೋಟಿಸ್ ಬಂದರೆ

ಮನವಿ ಕೊಟ್ಟ ಕೂಡಲೇ ಕಾರಣ ಕೇಳುವ ನೋಟಿಸ್ ಬರುವುದು ವಾಡಿಕೆ. ಗಾಬರಿಯಾಗಬೇಡಿ. ನೋಟಿಸ್ ಪಡೆಯಲು ನಿರಾಕರಿಸಬೇಡಿ. ದಿನಾಂಕ ಹಾಕಿ ಪಡೆಯಿರಿ. ಕೊಟ್ಟ ಗಡುವಿನೊಳಗೆ ಉತ್ತರಿಸಿ. ದಾಖಲೆ ನೋಡಬೇಕಿದ್ದರೆ ಯಾವ ಯಾವವು ಎಂದು ಪಟ್ಟಿ ಮಾಡಿ, ಕಾಲಾವಕಾಶವನ್ನು ಲಿಖಿತವಾಗಿ ಕೇಳಿ. ಉತ್ತರದಲ್ಲಿ ಆರೋಪಕ್ಕೆ ಮಾತ್ರ ಉತ್ತರವಿರಲಿ. ಅಧಿಕಾರಿಯ ಮೇಲಿನ ನಿಮ್ಮ ದೂರನ್ನೆಲ್ಲ ಅದರಲ್ಲಿ ಸುರಿಯಬೇಡಿ, "ಈ ಸಂಬಂಧ ದಿನಾಂಕ … ರಂದು ಮನವಿ ಸಲ್ಲಿಸಿದ್ದೇನೆ" ಎಂಬ ಒಂದು ಸಾಲು ಸಾಕು. "ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ, ಕ್ಷಮಿಸಿ" ಎಂದು ಬರೆದುಕೊಟ್ಟರೆ ಮುಗಿಯುತ್ತದೆ ಎಂದು ಹಿತೈಷಿಗಳು ಹೇಳುತ್ತಾರೆ. ಮಾಡದ ತಪ್ಪಿಗೆ ಹಾಗೆ ಬರೆದರೆ ಅದು ತಪ್ಪೊಪ್ಪಿಗೆಯಾಗಿ ಸೇವಾ ಪುಸ್ತಕದವರೆಗೂ ಹೋಗುತ್ತದೆ.

ಅಮಾನತು ಶಿಕ್ಷೆಯಲ್ಲ, ಅದರ ವಿರುದ್ಧ ಮೇಲ್ಮನವಿ ಇದೆ, ಆ ಅವಧಿಯಲ್ಲಿ ಜೀವನಾಧಾರ ಭತ್ಯೆ ಸಿಗಬೇಕು. ದೋಷಾರೋಪಣ ಪಟ್ಟಿ, ಅಂದರೆ ಯಾವ ಆರೋಪಗಳು ಎಂದು ಲಿಖಿತವಾಗಿ ಕೊಡುವ ಪತ್ರ, ಮೂರು ತಿಂಗಳೊಳಗೆ ಬಾರದಿದ್ದರೆ ಅಮಾನತು ಮುಂದುವರಿಸಲಾಗದು ಎಂದು ಅಜಯ್ ಕುಮಾರ್ ಚೌಧರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಇಲಾಖಾ ವಿಚಾರಣೆ ನಡೆದರೆ ಪ್ರತಿ ದಿನವೂ ಹಾಜರಾಗಿ. ಹೋಗದಿದ್ದರೆ ನಿಮ್ಮನ್ನು ಬಿಟ್ಟೇ ಮುಗಿಸುತ್ತಾರೆ. ನೆರವಿಗೆ ಮತ್ತೊಬ್ಬ ಸರ್ಕಾರಿ ನೌಕರರನ್ನು ಕರೆದುಕೊಳ್ಳಲು ಅವಕಾಶವಿದೆ. ನಿಯಮ ಬಲ್ಲ, ತಾಳ್ಮೆಯುಳ್ಳ ಹಿರಿಯರೊಬ್ಬರನ್ನು ಈಗಲೇ ಗುರುತಿಸಿಟ್ಟುಕೊಳ್ಳಿ.

ವಾರ್ಷಿಕ ವರದಿಯಲ್ಲಿ ದರ್ಜೆ ಇಳಿಸಿ ಸೇಡು ತೀರಿಸಿಕೊಳ್ಳುವುದು ಇನ್ನೊಂದು ಬಗೆ. ವರದಿಯ ಪ್ರತಿ ನಮೂದನ್ನೂ ನೌಕರರಿಗೆ ತಿಳಿಸಲೇಬೇಕು ಎಂದು ದೇವ್ ದತ್ ಪ್ರಕರಣದಲ್ಲಿ 2008ರಲ್ಲಿ, ಸುಖದೇವ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. "ತೃಪ್ತಿಕರ" ಎಂಬ ಸಪ್ಪೆ ಮಾತೂ ಬಡ್ತಿಗೆ ಅಡ್ಡ ಬರಬಹುದು, ಹಾಗಾಗಿ ಅದಕ್ಕೂ ಆಕ್ಷೇಪಣೆ ಸಲ್ಲಿಸಿ.

ದಾಖಲೆ ಬೇಕಾದಾಗ ಮಾಹಿತಿ ಹಕ್ಕು ಕಾಯ್ದೆಯನ್ನು ಬಳಸಿ. ಶುಲ್ಕ ₹10, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ನಿಮ್ಮದೇ ಮನವಿಯ ಮೇಲಿನ ಟಿಪ್ಪಣಿಗಳನ್ನು ಕೇಳಿ. ಅಧಿಕಾರಿಯ ಸೇವಾ ದಾಖಲೆ ಕೇಳಿದರೆ ವೈಯಕ್ತಿಕ ಮಾಹಿತಿಯೆಂದು ನಿರಾಕರಿಸುತ್ತಾರೆ.

9. ನ್ಯಾಯಮಂಡಳಿಯ ಬಾಗಿಲು

ರಾಜ್ಯ ಸರ್ಕಾರಿ ನೌಕರರಿಗೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ ಇದೆ. ಬೆಂಗಳೂರಿನ ಜತೆಗೆ ಬೆಳಗಾವಿ, ಕಲಬುರಗಿಗಳಲ್ಲೂ ಪೀಠಗಳಿವೆ. ನಿಗಮ-ಮಂಡಳಿ ನೌಕರರು ಸಾಮಾನ್ಯವಾಗಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು; ಕಾರ್ಮಿಕ ವರ್ಗದವರಿಗೆ ಕಾರ್ಮಿಕ ನ್ಯಾಯಾಲಯವೂ ಇದೆ.

ನ್ಯಾಯಮಂಡಳಿಯಲ್ಲಿ ಕಾಲಮಿತಿಯೇ ಬಹಳ ಜನರನ್ನು ಕೆಡವಿದೆ. ಆದೇಶದ ವಿರುದ್ಧ ಒಂದು ವರ್ಷದೊಳಗೆ ಹೋಗಬೇಕು. ಮೇಲ್ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ, ಆ ಆರು ತಿಂಗಳು ಮುಗಿದ ದಿನದಿಂದ ಒಂದು ವರ್ಷ. ವರ್ಷಕ್ಕೆರಡು ನೆನಪೋಲೆ ಬರೆಯುತ್ತಿದ್ದರೆ ಕಾಲಮಿತಿ ಬೆಳೆಯುತ್ತದೆ ಎಂಬ ನಂಬಿಕೆ ತಪ್ಪು. ಮನವಿಗಳನ್ನು ಮತ್ತೆ ಮತ್ತೆ ಕೊಟ್ಟರೆ ಅವಧಿ ವಿಸ್ತರಣೆಯಾಗದೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ದುರುದ್ದೇಶದಿಂದ ವರ್ಗಾವಣೆ ಮಾಡಿದರು ಎನ್ನುವುದಾದರೆ ಆ ಅಧಿಕಾರಿಯನ್ನು ಹುದ್ದೆಯಿಂದ ಮಾತ್ರವಲ್ಲದೆ ಹೆಸರು ಹಿಡಿದು ಪ್ರತಿವಾದಿಯನ್ನಾಗಿ ಮಾಡಬೇಕು. ಇದನ್ನು ಮರೆತರೆ ದುರುದ್ದೇಶದ ವಾದವನ್ನು ನ್ಯಾಯಮಂಡಳಿ ಪರಿಗಣಿಸುವುದಿಲ್ಲ. ಶಿಕ್ಷೆಯ ಬದಲಾಗಿ ಮಾಡಿದ ವರ್ಗಾವಣೆ ನಿಲ್ಲದು ಎಂದು ಸೋಮೇಶ್ ತಿವಾರಿ ಪ್ರಕರಣದಲ್ಲಿ 2008ರಲ್ಲಿ ತೀರ್ಪಾಗಿದೆ, ಆದರೆ ಅದು ಶಿಕ್ಷೆಯೇ ಎಂದು ತೋರಿಸಲು ಬೇಕಾದದ್ದು ನಿಮ್ಮ ದಿನಚರಿ, ಸ್ವೀಕೃತಿ ಪ್ರತಿಗಳು, ಟಿಪ್ಪಣಿಯ ಸಂಖ್ಯೆಗಳು. ವಕೀಲರ ಬಳಿಗೆ ಹೋಗುವಾಗ ಅವನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ, ಮೇಲೆ ಒಂದು ಪುಟದ ಪಟ್ಟಿ ಇಟ್ಟುಕೊಂಡು ಹೋಗಿ. ಸೇವಾ ವಿಷಯದಲ್ಲೇ ವಕಾಲತ್ತು ಮಾಡುವವರನ್ನು ಹುಡುಕಿ.

10. ಪಕ್ಕದ ಮೇಜಿನವರಿಗೆ

ನೋಡಿಯೂ ನೋಡದಂತಿರುವ ಸಹೋದ್ಯೋಗಿಗಳ ಮೌನ ಅಧಿಕಾರಿಯ ದರ್ಪಕ್ಕಿಂತ ಹೆಚ್ಚು ನೋಯಿಸಿತು ಎಂದು ಬಹಳ ಜನ ಬರೆದಿದ್ದಾರೆ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಬಹಿರಂಗವಾಗಿ ಎದುರು ನಿಲ್ಲಲು ಆಗದಿದ್ದರೂ ಮಾಡಬಹುದಾದ ಕೆಲಸಗಳಿವೆ. ಘಟನೆ ನಡೆದ ದಿನ ನಿಮ್ಮ ಪುಸ್ತಕದಲ್ಲೂ ಎರಡು ಸಾಲು ಬರೆದಿಡಿ. ವಿಚಾರಣೆಯಲ್ಲಿ ಕರೆದರೆ ಕಂಡದ್ದನ್ನು ಹೇಳಿ. ಅಧಿಕಾರಿಯ ಕೊಠಡಿಗೆ ಕಿರುಕುಳಕ್ಕೆ ಒಳಗಾದ ನೌಕರರನ್ನು ಒಬ್ಬರನ್ನೇ ಕರೆಸಿದಾಗ ಯಾವುದಾದರೂ ಕಡತ ಹಿಡಿದು ಜತೆಗೆ ಹೋಗಿ. ಇನ್ನೊಬ್ಬರ ಎದುರು ಬೈಗುಳದ ದನಿ ಎಷ್ಟೋ ಸಲ ತಗ್ಗುತ್ತದೆ. ಒಂದೇ ಅರ್ಜಿಗೆ ಹತ್ತು ಜನ ಸಹಿ ಹಾಕಿದರೆ ಅದನ್ನು ಗುಂಪುಗಾರಿಕೆ ಎಂದು ತಿರುಗಿಸುವುದುಂಟು. ಅದರ ಬದಲು ಪ್ರತಿಯೊಬ್ಬರೂ ತಮಗಾದದ್ದನ್ನು ಬೇರೆ ಬೇರೆಯಾಗಿ ಬರೆದು ಕೊಡಿ.

ನೀವು ಅಧೀಕ್ಷಕರೋ, ಸಹಾಯಕ ನಿರ್ದೇಶಕರೋ ಆಗಿದ್ದರೆ ಹೊಣೆ ಇನ್ನೂ ಹೆಚ್ಚು. ಮೇಲಿನವರು ನಿಮಗೆ ಬೈದದ್ದನ್ನು ಶಾಖೆಗೆ ತಂದು ಕೆಳಗಿನವರ ಮೇಲೆ ಸುರಿಯಬೇಡಿ. ನಿಮ್ಮ ಶಾಖೆಯ ಕಾರ್ಯ ಹಂಚಿಕೆಯನ್ನು ಈ ವಾರವೇ ಲಿಖಿತವಾಗಿ ಹೊರಡಿಸಿ, ರಜೆ ಅರ್ಜಿಗಳನ್ನು ಬಂದ ದಿನವೇ ವಿಲೇವಾರಿ ಮಾಡಿ, ಗುತ್ತಿಗೆ ಮತ್ತು ಹೊರಗುತ್ತಿಗೆಯವರ ಹಾಜರಾತಿಯನ್ನು ತಿಂಗಳ ಕೊನೆಯ ದಿನವೇ ಏಜೆನ್ಸಿಗೆ ಕಳಿಸಿ. ಅವರ ಸಂಬಳ ತಡವಾಗುವುದು ಹೆಚ್ಚಾಗಿ ಆ ಒಂದು ಸಹಿಗಾಗಿಯೇ.